ಅರ್ಧ ಲೋಟದ ಲೆಕ್ಕ

ತಾತನನ್ನು ಕೊಂದದ್ದು ಎಳನೀರು, ಕೊಟ್ಟವಳು ಅಜ್ಜಿ. ನೆಂಟರ ನಡುವೆ ಇದು ತೀರ್ಮಾನವಾಗಿ ಹೋದ ವಿಷಯ. ಶಿವಗಣಾರಾಧನೆಯ ಪಂಕ್ತಿಯಲ್ಲೇ ತಾತನ ತಂಗಿ ಅಂದರು: "ಡಾಕ್ಟ್ರು ಬ್ಯಾಡ ಅಂದ್ರೂ ಅತ್ತಿಗೆ ಕೈಯಾರೆ ಕುಡಿಸಿದ್ಳು ಕಣ್ರೀ." ನಾನು ಒಪ್ಪುವುದಿಲ್ಲ. ಈ ಆರೋಪಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗಿದೆ.

ಕಿಡ್ನಿ ಕೆಟ್ಟಿದ್ದ ತಾತ ವಾರಕ್ಕೆರಡು ಸಲ ಬಾಣಾವರದಿಂದ ಅರಸೀಕೆರೆಗೆ ಡಯಾಲಿಸಿಸ್‌ಗೆ ಹೋಗುತ್ತಿದ್ದರು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಕಿಡ್ನಿ ಅದನ್ನು ಹೊರಹಾಕದಿದ್ದರೆ ಹೃದಯವೇ ನಿಂತೀತು ಎಂದು ಡಾಕ್ಟರು ಎಚ್ಚರಿಸಿದ್ದರು. ನಮ್ಮದೋ ತೆಂಗಿನ ತೋಟದ ಮನೆ. ತಾತನನ್ನು ನೋಡಲು ಬಂದವರೂ ಎಳನೀರನ್ನೇ ತರುತ್ತಿದ್ದರು. ನಾನು ಬಾಗಿಲಲ್ಲೇ ತಡೆಯುತ್ತಿದ್ದೆ.

"ಏನವ್ವಾ ಲಾಯರಮ್ಮ, ನಾನು ನೆಟ್ಟ ಮರಕ್ಕೂ ಸ್ಟೇ ತಂದಿದೀಯ?" ಎನ್ನುತ್ತಿದ್ದರು ತಾತ. "ಒಂದೇ ಒಂದು ಗುಟುಕು ಕಣೇ."

ಯಾವ ಪಕ್ಷ ಕೊಟ್ಟರೂ ಗೆಲ್ಲುವುದನ್ನು ಕಾಲೇಜಿನ ಚರ್ಚಾಸ್ಪರ್ಧೆಗಳು ಕಲಿಸಿದ್ದವು. ಒಂದು ದಿನ ತಾತನ ಪಕ್ಷ ಹಿಡಿದೆ. ಕೆಮಿಸ್ಟ್ರಿ ನನ್ನ ವಿಷಯ. ನೂರು ಮಿಲಿ ಎಳನೀರಿನಲ್ಲಿ ಎಷ್ಟು ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆಂದು ಹುಡುಕಿದೆ. ಅದನ್ನು ಪರಮಾಣು ತೂಕ ಮೂವತ್ತೊಂಬತ್ತರಿಂದ ಭಾಗಿಸಿ, ಆಸ್ಪತ್ರೆಯ ಊಟದ ಚೀಟಿಯಲ್ಲಿ ಮಿಲಿಮೋಲ್ ಲೆಕ್ಕದಲ್ಲಿದ್ದ ದಿನದ ಮಿತಿಗೆ ಹೋಲಿಸಿದೆ. ಟೊಮೊಟೊ, ಬೇಳೆ ಬಿಟ್ಟರೆ ಜಾಗ ಉಳಿಯುತ್ತಿತ್ತು. ಡಾಕ್ಟರನ್ನು ಕೇಳಬೇಕು ಅನ್ನಿಸಲೇ ಇಲ್ಲ.

"ಅರ್ಧ ಲೋಟ ಕೊಡಬಹುದು ಅಜ್ಜಿ."

"ಓದಿದೋಳು ನೀನು ಹೇಳಿದ್ಮೇಲೆ ಇನ್ನೇನೈತೆ."

ಭಾನುವಾರ ತಾತ ಕಣ್ಣು ಮುಚ್ಚಿಕೊಂಡು ನಿಧಾನಕ್ಕೆ ಕುಡಿದರಂತೆ, ನಾನು ಮನೆಯಲ್ಲಿರಲಿಲ್ಲ. ಸೋಮವಾರ ಬೆಳಿಗ್ಗೆ ಎಬ್ಬಿಸಲು ಹೋದರೆ ಮೈ ತಣ್ಣಗಾಗಿತ್ತು.

ಲೆಕ್ಕವನ್ನು ಮತ್ತೆ ಮತ್ತೆ ಮಾಡಿದ್ದೇನೆ. ಭಾಗಾಕಾರ ತಪ್ಪಿಲ್ಲ. ಆದರೆ ಅರ್ಧ ಲೋಟವೆಂದರೆ ನೂರು ಮಿಲಿ ಎಂದುಕೊಂಡಿದ್ದೆ. ನನ್ನ ಕಣ್ಣಲ್ಲಿದ್ದದ್ದು ನಾನು ನೀರು ಕುಡಿಯುವ ಸ್ಟೀಲ್ ಲೋಟ. ಮೊನ್ನೆ ಟಾನಿಕ್ ಬಾಟಲಿಯ ಅಳತೆ ಮುಚ್ಚಳದಲ್ಲಿ ನೀರು ಸುರಿದು ಸುರಿದು ನೋಡಿದೆ. ತಾತನ ಹಿತ್ತಾಳೆ ಲೋಟ ನನ್ನ ಸ್ಟೀಲ್ ಲೋಟದ ಎರಡೂವರೆಯಷ್ಟು ಹಿಡಿಯುತ್ತದೆ. ಅದರಲ್ಲೇ ಕೊಟ್ಟಿದ್ದರೂ ಸಾವಿಗೆ ಎಳನೀರೇ ಕಾರಣವೆಂದು ಯಾರೂ ಸಾಧಿಸಲಾರರು. ಈ ವಾದ ನನಗೆ ಗೊತ್ತು. ಹೇಳಿಕೊಂಡರೆ ಸಮಾಧಾನ ಮಾತ್ರ ಆಗುವುದಿಲ್ಲ.

ಅಜ್ಜಿ ನನ್ನ ಲೆಕ್ಕದ ವಿಷಯ ಯಾರಿಗೂ ಹೇಳಿಲ್ಲ. ನಾದಿನಿ ಅಂದದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡಳು. ನಾನೂ ಅಲ್ಲೇ ಇದ್ದೆ, ಮಾತಾಡಲಿಲ್ಲ.

ಇವತ್ತು ಅಜ್ಜಿ ಹಿತ್ತಲಲ್ಲಿ ಆ ಹಿತ್ತಾಳೆ ಲೋಟಕ್ಕೆ ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದಳು. ಎದುರು ಹೋಗಿ ಕೂತೆ.

"ಅಜ್ಜಿ, ಅವತ್ತು ತಾತಂಗೆ ಯಾವ ಲೋಟದಲ್ಲಿ ಕೊಟ್ಟೆ?"