ತಂಬೂರ ದಾರಿಯ ಸಪ್ಪಳ

ತಂಬೂರ ದಾಟಿದ ಮೇಲೆ, ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಗೇರ್ ರಾಡ್ ಅಂಗೈಯಲ್ಲಿ ಜಿಗಿಯತೊಡಗಿತು. ಬೆಳಗಿನಿಂದ ತಲೆ ತಿನ್ನುತ್ತಿದ್ದ ಟಕ್ ಟಕ್ ಸಪ್ಪಳ ಬೇರೆ. ಗೇರ್‌ಬಾಕ್ಸೇ ಹೋಯಿತೆಂದು ಬೈದುಕೊಳ್ಳುತ್ತ ರಸ್ತೆ ಬಾಜುವಿನ ಗ್ಯಾರೇಜಿಗೆ ಕಾರು ತಿರುಗಿಸಿದೆ.

ಮಿಸ್ತ್ರಿ ನನ್ನ ವಾರಿಗೆಯವ. ಬಾನೆಟ್ ಎತ್ತಿ ನೋಡಿ, "ಗೇರ್‌ಬಾಕ್ಸ್ ಚಲೋ ಐತ್ರಿ. ಇಂಜಿನ್ ಹಿಡಿದಿರೂ ಬೋಲ್ಟ್ ಸಡ್ಲ ಆಗೇತಿ. ಇಂಜಿನ್ ಅಳ್ಳಾಡಿದ್ರ ಗೇರೂ ಅಳ್ಳಾಡತೈತಿ," ಎನ್ನುತ್ತ ಪಾನಾ ಹಾಕಿ ಬಿಗಿದ.

"ಮತ್ತ ಆ ಸಪ್ಪಳ?" ಎಂದೆ.

"ನಡೀರಿ, ಒಂದ್ ಸುತ್ತ ಹೋಗಿ ಕೇಳೂಣು."

ನನ್ನ ಪಕ್ಕದಲ್ಲಿ ಕೂತು ಬೆಲ್ಟ್ ಹಾಕಿಕೊಂಡ. ಹೆಂಡತಿ ತೀರಿಕೊಂಡ ಮೇಲೆ ಆ ಸೀಟಿನಲ್ಲಿ ಕೂತವನು ಇವನೇ ಮೊದಲು. ಗೋವಿನಜೋಳದ ಹೊಲಗಳ ನಡುವೆ ಎಲ್ಲ ಗೇರು ಹಾಕಿ ಓಡಿಸಿದೆ. ಸಪ್ಪಳವೇ ಇಲ್ಲ.

"ಈಗಿನ್ನೂ ಬರಾಕತ್ತಿತ್ತು ನೋಡ್ರಿ," ಎಂದೆ, ಸುಳ್ಳು ಹೇಳಿ ಸಿಕ್ಕಿಬಿದ್ದವನ ಹಾಗೆ.

ಅವನು ಇಳಿದು ಹಿಂದಿನ ಸೀಟಿಗೆ ಹೋದ. ಕಾರು ಹೊರಟ ಕೂಡಲೇ ಟಕ್ ಟಕ್! ಮಿಸ್ತ್ರಿ ನಕ್ಕುಬಿಟ್ಟ. ಖಾಲಿ ಸೀಟಿನ ಬೆಲ್ಟಿನ ಕೊಂಡಿ ಬಾಗಿಲ ಪಕ್ಕದ ಪ್ಲಾಸ್ಟಿಕ್ಕಿಗೆ ಬಡಿಯುತ್ತಿತ್ತು.

"ಬಾಜು ಮಂದಿ ಕುಂತ್ರ ಇದು ಬರೂದಿಲ್ರಿ. ಯಾರೂ ಇಲ್ದಾಗ ಖಾಲಿ ಸೀಟಿಗೇ ಬೆಲ್ಟ್ ಹಾಕ್ರಿ," ಎಂದು ತಾನೇ ಎಳೆದು ಸಿಕ್ಕಿಸಿ ಕೊಟ್ಟ.

ಸಪ್ಪಳ ನಿಂತಿತು. ಅವನನ್ನು ಗ್ಯಾರೇಜಿಗೆ ಬಿಟ್ಟು ಒಬ್ಬನೇ ಹೊರಟೆ. ಬಮ್ಮಿಗಟ್ಟಿಯವರೆಗೆ ಆ ನಿಶ್ಶಬ್ದವನ್ನು ಹೇಗೋ ತಡೆದುಕೊಂಡೆ. ಆಮೇಲೆ ಗಾಡಿ ನಿಲ್ಲಿಸಿ, ಕೈ ಚಾಚಿ ಬೆಲ್ಟ್ ಬಿಚ್ಚಿದೆ. ಬಡಕೊಳ್ಳಲಿ ಬಿಡು, ದಾರಿ ಇನ್ನೂ ಉದ್ದವಿದೆ.