ಯಾರೂ ಕೂರದ ಎಲೆ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಕಿಟಕಿಯನ್ನು. ಮನೆಯವರು ಬಾಯಿತುಂಬ ಬನ್ನಿ ಬನ್ನಿ ಎನ್ನುತ್ತಿದ್ದರೆ ನನ್ನ ಕಣ್ಣು ಅವರ ಹೆಗಲ ಮೇಲಿಂದ ಹಾದು ಒಳಗೆ ಹೋಗಿರುತ್ತದೆ. ಬೆಳಕು ಎತ್ತಲಿಂದ ಬರುತ್ತಿದೆ, ಯಾವ ಗೋಡೆಗೆ ತಾಗಿ ಮೆತ್ತಗಾಗುತ್ತಿದೆ, ಎಷ್ಟು ಹೊತ್ತು ನಿಂತೀತು ಎಂದು ಲೆಕ್ಕ ಹಾಕುತ್ತಿರುತ್ತದೆ. ಹೆಣ್ಣು ನೋಡಲು ಬಂದವರ ಹಾಗೆ ಮನೆ ನೋಡುತ್ತೀಯಲ್ಲೇ ಎಂದು ಗಂಡ ಛೇಡಿಸುತ್ತಾನೆ. ಹಗಲು ವಿಮೆ ಕಚೇರಿಯ ಕೆಲಸ, ಬಿಡುವಿದ್ದಾಗ ಬ್ಲಾಗು, ಇದು ನನ್ನ ಬದುಕು. ಮನೆಯಲ್ಲೇ ಉಪ್ಪಿನಕಾಯಿ ಹಾಕುವವರು, ಮಣ್ಣಿನ ಕಿವಿಯೋಲೆ ಮಾಡುವವರು, ಸೀರೆಗೆ ಕುಚ್ಚು ಕಟ್ಟುವವರು ತಮ್ಮ ಸರಕಿನ ಫೋಟೋ ತಾವೇ ಚೆನ್ನಾಗಿ ತೆಗೆದುಕೊಳ್ಳುವುದು ಹೇಗೆ ಎಂದು ಅದರಲ್ಲಿ ಬರೆಯುತ್ತೇನೆ.

ದೊಡ್ಡ ವಿದ್ಯೆಯೇನೂ ಅಲ್ಲ. ಫ್ಲ್ಯಾಶ್ ಬೇಡ. ಟ್ಯೂಬ್‌ಲೈಟ್ ಆರಿಸಿ, ವಸ್ತುವನ್ನು ಕಿಟಕಿಯ ಹತ್ತಿರ ತನ್ನಿ. ಬಿಸಿಲು ಚುಚ್ಚಿದರೆ ಕಿಟಕಿಗೆ ಬಿಳಿ ಪಂಚೆ ಕಟ್ಟಿ. ನೆರಳು ತೀರ ಕಪ್ಪಾದರೆ ಫ್ರಿಜ್ಜಿನ ಪೆಟ್ಟಿಗೆಯಲ್ಲಿ ಬಂದ ಥರ್ಮೋಕೋಲ್ ಹಲಗೆಯನ್ನು ಎದುರಿಗೆ ನಿಲ್ಲಿಸಿ, ಬೆಳಕು ಅದಕ್ಕೆ ತಾಗಿ ಹಿಂದಕ್ಕೆ ಬರುತ್ತದೆ. ಎಸಿ ಕೋಣೆಯಿಂದ ತಂದ ಕ್ಯಾಮೆರಾವನ್ನು ಕೂಡಲೇ ಕಣ್ಣಿಗೆ ಹಿಡಿಯಬೇಡಿ. ನಮ್ಮ ಚೆನ್ನೈಯ ಸೆಕೆಗೆ ಗಾಜಿನ ಮೇಲೆ ಮಂಜು ಕೂರುತ್ತದೆ, ಅದು ಹೋಗಲು ಕಾಲು ಗಂಟೆ ಬೇಕು. ನನಗೆ ಮಾತ್ರ ಆ ಕಾಲು ಗಂಟೆಯೇ ಇಷ್ಟ. ಮಂಜು ಹಿಡಿದ ಲೆನ್ಸಿನಲ್ಲಿ ನೋಡಿದರೆ ಒಣಹಾಕಿದ ಬಟ್ಟೆ, ಕಿಟಕಿಯ ಸರಳು, ಕೊಡ, ತುಳಸಿ ಎಲ್ಲವೂ ತಮ್ಮ ಅಂಚನ್ನು ಬಿಟ್ಟುಕೊಟ್ಟು ಒಂದರೊಳಗೊಂದು ಸೇರಿಕೊಂಡಿರುತ್ತವೆ. ಎಚ್ಚರಕ್ಕೂ ನಿದ್ದೆಗೂ ನಡುವೆ ಎಲ್ಲೋ ಕುಳಿತಿದ್ದೇನೆ ಅನ್ನಿಸುತ್ತದೆ. ಆಮೇಲೆ ಒಂದೊಂದೇ ವಸ್ತು ಮೆಲ್ಲಗೆ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ.

ಇದೇ ಊರಿನ ಕ್ರೋಂಪೇಟೆಯಲ್ಲಿದ್ದ ನನ್ನ ಚಿಕ್ಕಮ್ಮನ ಮನೆಯಲ್ಲಿ ಅಂಥ ಬೆಳಕು ಯಥೇಚ್ಛ ಇತ್ತು. ಎರಡನೇ ಮಹಡಿ, ಮೂಡು ದಿಕ್ಕಿಗೆ ಅಗಲವಾದ ಕಿಟಕಿ, ಸ್ವಲ್ಪ ದೂರದಲ್ಲಿ ರೈಲು ಹಳಿ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಲೋಕಲ್ ರೈಲು ಹಾದುಹೋದಾಗ ಅದರ ಕಿಟಕಿಗಳಿಂದ ಸಿಡಿದ ಬಿಸಿಲಿನ ತುಂಡುಗಳು ಹಜಾರದ ಗೋಡೆಯ ಮೇಲೆ ಸಾಲಾಗಿ ಓಡುತ್ತಿದ್ದವು. ರೈಲು ಹೋದ ಮೇಲೆ ಗೋಡೆ ಮತ್ತೆ ತನ್ನ ಪಾಡಿಗೆ ತಾನಿರುತ್ತಿತ್ತು. ನಾನು ಆ ಗೋಡೆಯನ್ನು ನೋಡುತ್ತ ಕುಳಿತರೆ ಕಾಫಿ ಆರಿಹೋಗುತ್ತಿತ್ತು, ಚಿಕ್ಕಮ್ಮ ಬೈಯುತ್ತಲೇ ಬಿಸಿಮಾಡಿ ತರುತ್ತಿದ್ದಳು.

ಚಿಕ್ಕಪ್ಪ ಎಗ್ಮೋರಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮೂವತ್ತು ವರ್ಷ ದುಡಿದವರು. ಉಡುಪಿ ಕಡೆಯಿಂದ ಬಂದು, ಎಲೆ ಹಾಕುವ ಕೆಲಸದಿಂದ ಶುರುಮಾಡಿ, ಊಟದ ಹಾಲ್ ಪೂರ್ತಿ ನೋಡಿಕೊಳ್ಳುವವರೆಗೆ ಬೆಳೆದಿದ್ದರು. ಅವರು ತೀರಿಕೊಂಡು ವರ್ಷ ತುಂಬಿತ್ತು. ಮಕ್ಕಳಿಲ್ಲ. ಉಡುಪಿಯಲ್ಲಿರುವ ಚಿಕ್ಕಮ್ಮನ ಅಣ್ಣ ಒಳ್ಳೆಯ ಮನುಷ್ಯ, ತಂಗಿ ಪರವೂರಿನಲ್ಲಿ ಒಬ್ಬಳೇ ಇರುವುದು ಅವರಿಗೆ ಸರಿಕಾಣುತ್ತಿರಲಿಲ್ಲ. ಮನೆಯಿಂದಲೇ ಮಧ್ಯಾಹ್ನದ ಊಟ ಕಳಿಸುತ್ತೇನೆ, ಅದರಲ್ಲೇ ಬದುಕುತ್ತೇನೆ ಎಂದು ಚಿಕ್ಕಮ್ಮ ಹಟ ಹಿಡಿದಾಗ ಅವರು ಒಂದು ಮಾತು ಹೇಳಿದರು. ವರ್ಷಾಂತಿಕ ಮುಗಿದ ತಿಂಗಳೊಳಗೆ ಹತ್ತು ಮನೆಯವರು ಊಟಕ್ಕೆ ಒಪ್ಪಿದರೆ ಇರು, ಇಲ್ಲದಿದ್ದರೆ ನಾನು ಬಂದು ಕರೆದುಕೊಂಡು ಹೋಗುತ್ತೇನೆ.

"ಅಣ್ಣನ ಮನೇಲಿ ನಂಗೆ ರೂಮ್ ಉಂಟು, ಫ್ಯಾನ್ ಉಂಟು, ಟಿವಿ ಸಹ ಉಂಟು," ಎಂದಳು ಚಿಕ್ಕಮ್ಮ. "ಒಲೆ ಅತ್ತಿಗೇದು. ಅವ್ಳ ಒಲೆ ಹತ್ರ ನಾನು ಎಂತ ಮಾಡ್ಲಿ? ಚುಮ್ಮಾ ಕೂತ್ಕೊಂಡು ತೆಂಗಿನಕಾಯಿ ತುರೀಬೇಕು, ಅಷ್ಟೇ."

ನಲವತ್ತು ವರ್ಷ ತನ್ನ ಕೈರುಚಿಯಿಂದಲೇ ತಾನು ಯಾರು ಎಂದು ಹೇಳಿಕೊಂಡು ಬಂದ ಹೆಂಗಸು ಅವಳು. ಅವಳ ಮಾತು ಕೇಳಿ ನನ್ನ ಜಂಬ ಎದ್ದು ಕುಳಿತಿತು. ಒಂದು ಒಳ್ಳೆಯ ಫೋಟೋ ಹಾಕಿದರೆ ಹತ್ತಲ್ಲ, ಇಪ್ಪತ್ತು ಮನೆ ಬರುತ್ತವೆ ಎಂದೆ. ಊರಿಗೆಲ್ಲ ಬುದ್ಧಿ ಹೇಳುವವಳಿಗೆ ಸ್ವಂತ ಚಿಕ್ಕಮ್ಮನ ಕೆಲಸ ಕಷ್ಟವೇ?

ಒಂದು ಭಾನುವಾರ ಬೆಳಿಗ್ಗೆ ಕ್ಯಾಮೆರಾ, ಥರ್ಮೋಕೋಲು, ಬೂದು ಬಣ್ಣದ ಬಟ್ಟೆ ಎಲ್ಲ ಹೊತ್ತುಕೊಂಡು ಹೋದೆ. ಚಿಕ್ಕಮ್ಮ ನಾಲ್ಕು ಗಂಟೆಗೇ ಎದ್ದಿದ್ದಳು. ಅನ್ನ, ಸಾರು, ಹುಳಿ, ಬೀನ್ಸ್ ಪಲ್ಯ, ಕೋಸಂಬರಿ, ಅನಾನಸಿನ ಗೊಜ್ಜು, ಅಂದರೆ ನಮ್ಮ ಕಡೆಯ ಮೆಣಸ್ಕಾಯಿ, ಎಲ್ಲ ತಯಾರಿತ್ತು. ಹುರಿದ ಎಳ್ಳು ಅರೆದು ಹಾಕಿದ ಆ ಸಿಹಿ, ಖಾರ, ಹುಳಿಯ ಘಮ ಮೆಟ್ಟಿಲವರೆಗೂ ಇಳಿದಿತ್ತು. ನಾನು ನೆಲದ ಮೇಲೆ ಬಟ್ಟೆ ಹಾಸಿ, ಅದರ ಮೇಲೆ ಬಾಳೆಲೆ ಇಟ್ಟು, ಬಡಿಸಿ ಎಂದೆ.

"ಕೂರುವವರು ಯಾರು?" ಎಂದಳು.

"ಯಾರೂ ಇಲ್ಲ, ಇದು ಫೋಟೋಗೆ."

"ಯಾರೂ ಕೂರದ ಎಲೆಗೆ ಬಡಿಸ್ಬಾರ್ದು ಮಾರಾಯ್ತಿ."

"ಕ್ಯಾಮೆರಾ ಕೂರ್ತದೆ ಚಿಕ್ಕಮ್ಮ," ಎಂದು ನಕ್ಕೆ. ಅವಳೂ ನಕ್ಕಳು, ಆದರೆ ಬಡಿಸುವಾಗ ಎಲೆಯ ಕಡೆ ಸರಿಯಾಗಿ ನೋಡಲಿಲ್ಲ. ಬಡಿಸಿದವಳೇ ಹಪ್ಪಳ ಕರಿಯಲು ಒಳಗೆ ಹೋದಳು.

ಆಮೇಲಿನದೆಲ್ಲ ನನ್ನ ಕೈಚಳಕ. ಎಲೆಯ ಅಗಲದ ಕಡೆಗೆ ಬೆಳಕು ಸಾಲದು ಎನ್ನಿಸಿತು, ಬಡಿಸಿದ ಎಲೆಯನ್ನು ಬಟ್ಟೆಸಮೇತ ಹುಷಾರಾಗಿ ತಿರುಗಿಸಿದೆ. ಉಣ್ಣುವವರ ಎಡಕ್ಕಿರಬೇಕಾದ ಕುಡಿ ಬಲಕ್ಕೆ ಬಂತು. ಅಡುಗೆಗೆ ಬಳಸಿದ ಪದಾರ್ಥವನ್ನು ಪಕ್ಕದಲ್ಲಿ ಅಲ್ಲಲ್ಲಿ ಚೆಲ್ಲಬೇಕು, ಆಗ ಚಿತ್ರಕ್ಕೆ ಜೀವ ಬರುತ್ತದೆ ಎಂದು ಯಾವುದೋ ದೇಶದ ಹೆಂಗಸೊಬ್ಬಳ ವಿಡಿಯೋದಲ್ಲಿ ಕಲಿತಿದ್ದೆ, ನನ್ನ ಬ್ಲಾಗಿನಲ್ಲೂ ಬರೆದಿದ್ದೆ. ಮೆಣಸ್ಕಾಯಿಗೆ ಹಾಕಿ ಉಳಿದಿದ್ದ ಕಪ್ಪು ಎಳ್ಳನ್ನು ಚಿಟಿಕೆ ಚಿಟಿಕೆಯಾಗಿ ಎಲೆಯ ಸುತ್ತ ಉದುರಿಸಿದೆ. ಮಗ್ಗುಲಿಗೆ ಒಂದು ಲೋಟ ನೀರಿಟ್ಟೆ. ಪಂಚೆಯಿಂದ ಸೋಸಿ ಬಂದ ಬೆಳಕು ಅನ್ನದ ಹಬೆಯಲ್ಲಿ ಎಳೆ ಎಳೆಯಾಗಿ ಮೇಲೇಳುತ್ತಿತ್ತು. ಒಂದು ರೈಲು ಹೋಯಿತು, ಎಲೆಯ ಮೇಲೆಲ್ಲ ಬಿಸಿಲು ಮಿನುಗಿ ನಿಂತಿತು. ಅಷ್ಟು ಚಂದದ ಫೋಟೋವನ್ನು ನಾನು ಅದಕ್ಕೆ ಮುಂಚೆ ತೆಗೆದಿರಲಿಲ್ಲ. ಸಂಜೆಯೇ ಅದನ್ನು ಚಿಕ್ಕಮ್ಮನ ಫೋನ್ ನಂಬರಿನೊಂದಿಗೆ ಎಲ್ಲ ಕಡೆ ಹಾಕಿದೆ.

ಮೂರು ದಿನದಲ್ಲಿ ನಾಲ್ಕು ಕರೆ ಬಂದವು. ಬುಧವಾರ ಸಂಜೆ ಚಿಕ್ಕಮ್ಮನೇ ನನಗೆ ಫೋನ್ ಮಾಡಿದಳು. ದನಿ ಸಣ್ಣಗಾಗಿತ್ತು.

"ನೀನು ಎಂತ ಹಾಕಿದ್ದಿ? ಫೋನ್ ಮಾಡಿದವ್ರೆಲ್ಲ ಒಂದೇ ಕೇಳ್ತಾರೆ. 'ಅಮ್ಮಾ, ದೆವಸ ಸಮೈಯಲ್ ಪಣ್ಣುವೀಂಗಳಾ?' ತಿಥಿ ಅಡುಗೆ ಮಾಡಿಕೊಡ್ತೀರಾ ಅಂತ. ನಾಲ್ಕು ಜನವೂ."

ನನಗೆ ತಕ್ಷಣ ಹೊಳೆಯಲಿಲ್ಲ. ಫೋಟೋ ತೆರೆದು ನೋಡಿದೆ. ನನ್ನ ಕಣ್ಣಿಂದಲ್ಲ, ಫೋನ್ ಮಾಡಿದ ಆ ನಾಲ್ವರ ಕಣ್ಣಿಂದ ನೋಡಿದೆ. ತಿರುಗಿದ ಎಲೆ. ಎದುರಿಗೆ ಯಾರೂ ಇಲ್ಲ. ಸುತ್ತ ಕಪ್ಪು ಎಳ್ಳು, ಪಕ್ಕದಲ್ಲಿ ನೀರು. ಸತ್ತವರಿಗೆ ಬಡಿಸಿಟ್ಟ ಎಲೆ ಅದು, ನಮ್ಮಲ್ಲಿ ಮಾತ್ರವಲ್ಲ, ತಮಿಳರಲ್ಲಿಯೂ. ಎಳ್ಳುನೀರು ಬಿಡುವುದು ಯಾರಿಗೆ ಎಂದು ಮೂರು ವರ್ಷದ ಮಗುವಿಗೂ ಗೊತ್ತಿರುವ ಊರಿನಲ್ಲಿ ಕುಳಿತು ನಾನು ಬಣ್ಣ ಎದ್ದು ಕಾಣಲಿ ಎಂದು ಎಳ್ಳು ಚೆಲ್ಲಿದ್ದೆ. ಅದೂ ಮೂರು ವಾರದ ಹಿಂದೆ ಚಿಕ್ಕಪ್ಪನ ವರ್ಷಾಂತಿಕಕ್ಕೆ ಎಲೆ ಹಾಕಿದ್ದ ಅದೇ ಹಜಾರದಲ್ಲಿ. ಫೋಟೋ ತೆಗೆದುಹಾಕಿ, ಮತ್ತೆ ಫೋನ್ ಮಾಡಿ, ತಪ್ಪಾಯಿತು ಎಂದೆ.

"ನಾನು ಆಚೆ ಮನೆ ಹುಡುಗಿಯ ಫೋನಲ್ಲಿ ನೋಡಿದೆ," ಎಂದಳು. "ಅದು ಅವರ ಎಲೆ ಅನ್ನಿಸ್ತು." ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಪರವಾಯಿಲ್ಲ ಬಿಡು. ಅಣ್ಣ ಮುಂದಿನ ವಾರಕ್ಕೆ ಟಿಕೆಟ್ ತೆಗೀತೇನೆ ಅಂದಿದ್ದಾನೆ. ಭಾನುವಾರ ಕೇಳ್ತಾನಂತೆ," ಎಂದಳು.

ಭಾನುವಾರ ನಾನು ಮತ್ತೆ ಹೋದೆ. ಹೋಗುವ ಮುಖವಿರಲಿಲ್ಲ, ಆದರೂ ಹೋದೆ. ಈ ಸಲ ಬಿಳಿ ಬಟ್ಟೆ, ಕುಡಿ ಎಡಕ್ಕೆ, ಎಳ್ಳಿನ ಡಬ್ಬಿಯನ್ನು ಮುಟ್ಟಲೇ ಇಲ್ಲ. ಫೋಟೋದಲ್ಲಿ ಒಬ್ಬರ ಕೈಯಾದರೂ ಇದ್ದರೆ ನೋಡುವವರಿಗೆ ಹಸಿವಾಗುತ್ತದೆ, ಇದು ನಾನೇ ಬರೆದು ಮರೆತಿದ್ದ ಮಾತು. ಚಿಕ್ಕಮ್ಮ ಅಡುಗೆ ಮಾಡಿದ್ದಳು, ಆದರೆ ಮನಸ್ಸಿರಲಿಲ್ಲ. ಪಾತ್ರೆಗಳನ್ನು ಆಗಲೇ ರಟ್ಟಿನ ಪೆಟ್ಟಿಗೆಗೆ ತುಂಬಲು ಶುರುಮಾಡಿದ್ದಳು. ಇಡ್ಲಿ ಪಾತ್ರೆ ಪೇಪರಿನಲ್ಲಿ ಸುತ್ತಿಸಿಕೊಂಡು ಮೂಲೆಯಲ್ಲಿ ಕುಳಿತಿತ್ತು.

"ನೀವೇ ಕೂರಿ ಚಿಕ್ಕಮ್ಮ. ಮುಖ ಬೇಡ, ಕೈ ಬಂದ್ರೆ ಸಾಕು."

"ನಾನಾ? ನಾನು ಬಡಿಸುವವಳು."

"ಇವತ್ತು ನಾನು ಬಡಿಸ್ತೇನೆ."

ಅವಳು ಸೆರಗು ಸುತ್ತಿಕೊಂಡು, ಸಂಕೋಚದಿಂದ, ಬೇರೆಯವರ ಮನೆಗೆ ಊಟಕ್ಕೆ ಬಂದವರ ಹಾಗೆ ಕುಳಿತಳು. ನಾನು ಪಲ್ಯದಿಂದ ಶುರುಮಾಡಿದೆ. "ಉಪ್ಪು ಮೊದಲು," ಎಂದಳು. ಉಪ್ಪು ಹಾಕಿದೆ. "ಅಲ್ಲಿ ಅಲ್ಲ, ಕುಡಿಗೆ." ಬ್ಲಾಗಿನಲ್ಲಿ ಎಷ್ಟು ಬೇಕಾದರೂ ಪಾಠ ಹೇಳಬಹುದು, ಒಂದು ಎಲೆಗೆ ನೆಟ್ಟಗೆ ಬಡಿಸಲು ನನಗೆ ಬರುವುದಿಲ್ಲ ಎಂಬುದು ಆ ದಿನ ಗೊತ್ತಾಯಿತು. ಅಂತೂ ಕೋಸಂಬರಿ, ಪಲ್ಯ, ಮೆಣಸ್ಕಾಯಿ ಬಂದವು. ಅನ್ನ ಬಂತು. ಅನ್ನದ ಮೇಲೆ ತುಪ್ಪ, ಆಮೇಲೆ ಸಾರು. ನಾನು ಹೋಗಿ ಕ್ಯಾಮೆರಾ ಹಿಂದೆ ಕುಳಿತೆ. ಎಸಿ ಕಾರಿನಲ್ಲಿ ತಂದು ಆಗಷ್ಟೇ ಚೀಲದಿಂದ ತೆಗೆದ ಲೆನ್ಸಿನ ಮಂಜು ಇನ್ನೂ ಪೂರ್ತಿ ಹೋಗಿರಲಿಲ್ಲ. ಬಿಳಿ ಬಿಳಿಯಾದ ಬೆಳಕಿನೊಳಗೆ ಒಂದು ಹಸಿರು, ಅದರ ಅಂಚಿನಲ್ಲಿ ಒಂದು ಕೈ. ಕೈ ಅಲ್ಲಾಡಲಿಲ್ಲ. ಮಂಜು ಕರಗುತ್ತ ಬಂತು, ಬೆರಳುಗಳು ಒಂದೊಂದಾಗಿ ಕಂಡವು, ಬಳೆಯಿಲ್ಲದ ಮಣಿಕಟ್ಟು ಕಂಡಿತು. ಕೈ ಇನ್ನೂ ಅಲ್ಲೇ ಇತ್ತು.

"ಅನ್ನ ಕಲಸಿ ಚಿಕ್ಕಮ್ಮ," ಎಂದೆ.

"ಅವರು ಹೋದ ಮೇಲೆ ನಂಗೆ ಯಾರೂ ಬಡಿಸ್ಲಿಲ್ಲ ಮಾರಾಯ್ತಿ," ಎಂದಳು, ನನಗೆ ಹೇಳಿದಂತೆಯೂ ಇರಲಿಲ್ಲ. "ಒಲೆ ಹತ್ರ ನಿಂತ್ಕೊಂಡೇ ತಿಂದದ್ದು, ಒಂದು ವರ್ಷ. ದಿನಾ ಹೋಟ್ಲಲ್ಲಿ ಊರಿಗೆಲ್ಲ ಬಡಿಸಿ ಬರ್ತಿದ್ರಲ್ಲ, ರಜೆ ದಿನ ನಂಗೂ ಅವರೇ ಬಡಿಸ್ಬೇಕು. ಊಟ ಮುಗಿಯುವವರೆಗೆ ಎಲೆ ಬಿಟ್ಟು ಏಳ್ಲಿಕ್ಕೆ ಬಿಡ್ತಾ ಇರ್ಲಿಲ್ಲ ನನ್ನ."

ಆಮೇಲೆ ಅವಳು ಅನ್ನ ಕಲಸಿದಳು, ಉಂಡಳು. ಮೊದಲ ತುತ್ತು ಮೆಲ್ಲಗೆ, ಆಮೇಲೆ ಹಸಿದವರು ಉಣ್ಣುವ ಹಾಗೆ. ನಾನು ಬಟನ್ ಒತ್ತಬೇಕಿತ್ತು. ಬೆರಳು ಅದರ ಮೇಲೇ ಇತ್ತು, ಬೆಳಕೂ ಚೆನ್ನಾಗಿತ್ತು. ಆದರೆ ಎಲೆಯಲ್ಲಿ ಸಾರು ಮುಗಿಯುತ್ತ ಬಂದದ್ದು ಕಂಡಿತು, ಎದ್ದು ಹೋಗಿ ಸೌಟು ಹಿಡಿದೆ. ಮತ್ತೆ ಹುಳಿ ತಂದೆ. ಮತ್ತೆ ಅನ್ನ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಒರೆಸಿಕೊಳ್ಳಲು ಅಡುಗೆಮನೆಗೆ ಎರಡು ಸಲ ಸುಮ್ಮನೆ ಹೋಗಿಬಂದೆ. ಬಿಸಿಲು ಎಲೆಯನ್ನು ದಾಟಿ ಕಿಟಕಿಯ ಬುಡಕ್ಕೆ ಸರಿಯಿತು.

"ಫೋಟೋ ಆಯ್ತಾ?" ಎಂದು ಕೇಳಿದಳು.

"ಆಯ್ತು," ಎಂದೆ. ಒಂದೂ ಆಗಿರಲಿಲ್ಲ. ಆಗಿಲ್ಲ ಎಂದಿದ್ದರೆ ಅವಳು ಊಟ ಬಿಟ್ಟು ಕೈ ಸರಿಯಾಗಿ ಇಟ್ಟುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಫೋನ್ ಬಂತು. ಅವಳ ಕೈ ಎಂಜಲು, ಆದ್ದರಿಂದ ನಾನೇ ಸ್ಪೀಕರ್ ಹಾಕಿ ಪಕ್ಕದಲ್ಲಿ ಹಿಡಿದೆ. ಉಡುಪಿಯ ಅಣ್ಣ.

"ಟಿಕೆಟ್ ತೆಗೀಲಿಕ್ಕುಂಟು. ಯಾವ ದಿನಕ್ಕೆ ತೆಗೀಲಿ ಹೇಳು."

"ತೆಗೀಬೇಡ ಅಣ್ಣ."

"ಮನೆ ಸಿಕ್ಕಿದ್ವಾ? ಎಷ್ಟಾಯ್ತು?"

"ಒಂದೂ ಸಿಕ್ಲಿಲ್ಲ."

"ಮತ್ತೆ ಅಲ್ಲಿ ಎಂತ ಮಾಡ್ತಿ ನೀನು?"

"ಊಟ ಮಾಡ್ತಾ ಇದ್ದೇನೆ," ಎಂದಳು ಚಿಕ್ಕಮ್ಮ. "ನನ್ನ ಮನೇಲಿ, ನನ್ನ ಎಲೆ ಎದುರು ಕೂತಿದ್ದೇನೆ ಅಣ್ಣ. ಈಗ ಏಳ್ಲಿಕ್ಕೆ ಆಗುದಿಲ್ಲ."

ಫೋನ್ ಇಡು ಎಂದು ನನಗೆ ಸನ್ನೆ ಮಾಡಿ, ಅನ್ನವನ್ನು ಒಂದು ಬದಿಗೆ ಸರಿಸಿ ಮೆಣಸ್ಕಾಯಿಗೆ ಜಾಗ ಮಾಡಿದಳು.