ಎತ್ತಿನ ಬಾಯಲ್ಲಿ ಕಾಕಾ ಇಟ್ಟ ಸುಳ್ಳು

ನಿನ್ನೆ ನನ್ನ ಮಗನಿಗೆ ಬಾಯಿಗೆ ಬಂದ ಹಾಗೆ ಬೈದೆ. ಮೊಮ್ಮಕ್ಕಳನ್ನು ಕಂಡ ಮಗ ಅವನು, ಆದರೂ ಬೈದೆ. ತನ್ನ ಮೊಮ್ಮಗಳು ಸಾಕಿದ್ದ ಬೆಕ್ಕನ್ನು ಚೀಲದಲ್ಲಿ ಹಾಕಿ ಸೇಡಂ ರಸ್ತೆಯ ಗೆಳೆಯನ ಅಂಗಡಿಗೆ ಕೊಟ್ಟು ಬಂದು, ಆ ಕೂಸಿಗೆ ಹೇಳುತ್ತಾನೆ: "ಬೆಕ್ಕೇ ಅಂತವ್ವ, ನಾ ನಮ್ಮ ನಾಡಿಗಿ ಹೋಗ್ತೀನಿ ಅಂತ."

ಕಿವಿಗೆ ಬಿದ್ದದ್ದೇ ತಡ, ನನ್ನ ಮೈಯೆಲ್ಲ ಬೆಂಕಿಯಾಯಿತು. ಇದೇ ಮಾತನ್ನು ನಾನು ಮೊದಲೇ ಒಮ್ಮೆ ಕೇಳಿದ್ದೇನೆ.

ನಾನು ಸಣ್ಣವಳಿದ್ದಾಗ ಕಮಲಾಪುರದಲ್ಲಿ ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಒಂದು ಕಥೆ ಹೇಳುತ್ತಿದ್ದ. ಏಳು ಗುಡ್ಡದಾಚೆ ಪ್ರಾಣಿಗಳ ನಾಡಿದೆ. ಅಲ್ಲಿ ಹಾವು ಅಗಸಿ ಬಾಗಿಲು ಕಾಯುತ್ತದೆ, ಹುಲಿ ಪಂಚಾಯ್ತಿ ಮಾಡುತ್ತದೆ, ಎರಡು ತಲೆಯ ಹಕ್ಕಿ ತನ್ನೊಂದಿಗೆ ತಾನೇ ಜಗಳವಾಡುತ್ತದೆ. ಎಲ್ಲಕ್ಕೂ ಮಾತು ಬರುತ್ತದೆ. ನಮ್ಮ ದನಗಳೂ ಅಲ್ಲಿಂದಲೇ ಬಂದವು, ಮಾತನ್ನು ಮಾತ್ರ ಅಲ್ಲೇ ಬಿಟ್ಟು. ವರ್ಷಕ್ಕೊಮ್ಮೆ, ಎತ್ತುಗಳ ಹಬ್ಬವಾದ ಕಾರಹುಣ್ಣಿಮೆಯ ದಿನ, ಒಂದೇ ಒಂದು ಮಾತಾಡಲು ಅಪ್ಪಣೆ. ಅದೂ ತಮ್ಮನ್ನು ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸಿದವರ ಕಿವಿಯಲ್ಲಿ.

ನಮ್ಮದು ಒಂದೇ ಎತ್ತು. ಕೆಂದು ಮೈ, ಎಡಗೊಂಬು ಮುರಿದದ್ದು. ಬಂಡಿ ಹೂಡುವಾಗ ನೆರೆಯವರ ಎತ್ತನ್ನು ಜೋಡಿ ಮಾಡುತ್ತಿದ್ದೆವು. ಪ್ರತಿ ಕಾರಹುಣ್ಣಿಮೆಗೆ ಅದಕ್ಕೆ ಹೋಳಿಗೆ ತಿನ್ನಿಸಿ ಅದರ ಬಾಯಿಗೆ ನನ್ನ ಕಿವಿ ಹಚ್ಚಿ ನಿಲ್ಲುತ್ತಿದ್ದೆ. ಬಿಸಿ ಉಸಿರು ಬರುತ್ತಿತ್ತು, ಜೊಲ್ಲು ಕುತ್ತಿಗೆಗೆ ಇಳಿಯುತ್ತಿತ್ತು, ಮಾತು ಬರುತ್ತಿರಲಿಲ್ಲ.

"ಈ ವರ್ಷ ಅದಕ್ಕ ಮನಸಿಲ್ಲ ತಗೋ. ಬರೋ ವರ್ಷ ಆಡ್ತದ," ಅನ್ನುತ್ತಿದ್ದ ಮುತ್ಯಾ.

ನವಾಬನ ಆಳ್ವಿಕೆ ಕೊನೆಯಾದ ಪೊಲೀಸ್ ಆ್ಯಕ್ಷನ್ನಿಗೆ ಮೊದಲಿನ ಲೂಟಿಯ ಗದ್ದಲದಲ್ಲಿ ಊರು ಬಿಟ್ಟು, ಬಂಡಿಯಲ್ಲಿ ಗಾಜಿಪುರದ ನೆಂಟರ ಮನೆ ಸೇರಿದೆವು. ಕಾಕಾ, ಅಂದರೆ ಅಪ್ಪನ ತಮ್ಮ, ಬಂಡಿಯನ್ನೂ ಎತ್ತನ್ನೂ ಊರಲ್ಲಿ ಬಿಟ್ಟು ಬರುತ್ತೇನೆಂದು ಹೋದವನು, ಎರಡು ದಿನಕ್ಕೆ ಯಾರದೋ ಬಂಡಿಯಲ್ಲಿ ಜೋಳದ ಚೀಲದ ಮೇಲೆ ಕುಳಿತು ಬಂದ.

"ಎತ್ತೆಲ್ಲಿ ಕಾಕಾ?"

"ಅದೇ ಅಂತವ್ವ, ನನ್ನ ಬಿಡ್ರಿ, ನಮ್ಮ ನಾಡಿಗಿ ಹೋಗ್ತೀನಿ ಅಂತ. ಬಿಟ್ಟೆ."

ನಂಬಿದೆ. ಸಿಟ್ಟು ಬಂದದ್ದು ಕಾಕಾನ ಮೇಲಲ್ಲ, ಎತ್ತಿನ ಮೇಲೆ! ಹೋಳಿಗೆ ಕೊಟ್ಟವಳು ನಾನು, ಕಿವಿ ಹಚ್ಚಿದವಳು ನಾನು, ಮಾತಾಡಿದ್ದು ಕಾಕಾನ ಹತ್ತಿರವೇ? ಗಾಜಿಪುರದಲ್ಲಿದ್ದಷ್ಟು ದಿನವೂ ಯಾವ ದನವನ್ನೂ ಮುಟ್ಟಲಿಲ್ಲ. ಎತ್ತಿನ ಹೆಸರೆತ್ತಿದರೆ ಉಗುಳುತ್ತಿದ್ದೆ.

ಗದ್ದಲ ಮುಗಿದು ಊರಿಗೆ ಬಂದಾಗ ಹಿಂಗಾರಿ ಬಿತ್ತನೆ ನಡೆದಿತ್ತು. ದಾರಿಯ ಬದಿಯ ಹೊಲದಲ್ಲಿ, ಇನ್ನೊಬ್ಬರ ಕೂರಿಗೆ ಎಳೆಯುತ್ತ, ಮುರಿದ ಕೊಂಬಿನ ನಮ್ಮ ಎತ್ತು! ಮಣ್ಣಿನ ಹೆಂಟೆ ಎತ್ತಿ ಅದರ ಮುಖಕ್ಕೆ ಹೊಡೆದೆ. "ಕಳ್ಳ! ಕಾಕಾಗ ಹೇಳ್ದಿ, ನನಗ ಹೇಳಲಿಲ್ಲ!"

ಎತ್ತು ಕೂರಿಗೆ ಸಮೇತ ನನ್ನತ್ತ ಬಂತು. ಹೊಡೆದ ಕೈಯನ್ನೇ ನೆಕ್ಕಿತು.

ಹೊಲದವನು ಓಡಿ ಬಂದ. "ಯಾಕವ್ವ ಬಡೀತಿ ಮೂಕ ಜೀವಕ್ಕ? ನಿಮ್ಮ ಕಾಕಾನೇ ಜ್ವಾಳ ಒಯ್ದು ಎತ್ತು ಕೊಟ್ಟಾನ. ಅಗಸಿ ತನಕ ಹಗ್ಗ ಜಗ್ಗಿತು, ಒಲ್ಲೆ ಒಲ್ಲೆ ಅಂತ."

ಮನೆಗೆ ಹೋಗಿ ಕಾಕಾನ ಧೋತರ ಹಿಡಿದು ಕೇಳಿದೆ. ಅವನು ನಕ್ಕ. "ಗಾಜಿಪುರದಾಗ ತಿಂದ ರೊಟ್ಟಿ ಎಲ್ಲಿಂದ ಬಂತಂತ ಮಾಡಿದ್ದಿ?"

ಕೊಟ್ಟದ್ದಕ್ಕೆ ನನ್ನ ಸಿಟ್ಟಿಲ್ಲ. ಹೊಟ್ಟೆಗಾಗಿ ಕೊಟ್ಟ, ಸರಿ. ಕೊಟ್ಟೆ ಅನ್ನಬೇಕಿತ್ತು. ಬಾಯಿಲ್ಲದ್ದರ ಬಾಯಲ್ಲಿ ತನ್ನ ಸುಳ್ಳನ್ನು ಇಟ್ಟ, ನನ್ನ ಕೈಯಿಂದ ಹೆಂಟೆ ಹೊಡೆಸಿದ. ಕಾಕಾ ಸತ್ತು ಎಷ್ಟೋ ವರ್ಷವಾಯಿತು, ಈ ಒಂದು ಸಿಟ್ಟು ಮಾತ್ರ ಇಳಿದಿಲ್ಲ. ಇಳಿಸುವುದೂ ಇಲ್ಲ.

ಅದಕ್ಕೇ ನಿನ್ನೆ ಕೋಲು ಊರಿ ಎದ್ದು ಕೂಗಿದೆ. ಇನ್ನೂ ಬೈಯುತ್ತಿದ್ದೆ, ಅಷ್ಟರಲ್ಲಿ ಆ ನಾಲ್ಕು ವರ್ಷದ ಕೂಸು ಸೊಂಟದ ಮೇಲೆ ಕೈಯಿಟ್ಟು ನನ್ನ ಮಗನಿಗೆ ಹೇಳಿತು: "ಮುತ್ಯಾ, ನೀ ಸುಳ್ಳ ಹೇಳ್ತಿ. ಬೆಕ್ಕು ಹೋಗೋದಿದ್ರ ಮೊದಲ ನನಗ ಹೇಳತಿತ್ತು."

ಅಯ್ಯೋ ನನ್ನ ಬಂಗಾರ! ನನಗೆ ಹೊಳೆಯದೇ ಹೋದ ಮಾತು, ಆ ಪುಟ್ಟಿಗೆ ಹೊಳೆಯಿತಲ್ಲ! ಕೂಸನ್ನು ಎತ್ತಲು ಸೊಂಟ ಬಗ್ಗದು, ಅಲ್ಲೇ ನೆಲಕ್ಕೆ ಕುಳಿತು ತಬ್ಬಿಕೊಂಡು ಅತ್ತೆ, ನಕ್ಕೆ.

ಬೆಕ್ಕನ್ನು ತಿರುಗಿ ತರಲು ಹೊರಟ ಮಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ, ಕೈಯಲ್ಲಿ ಅದೇ ಚೀಲ.

"ಚೀಲ ಬ್ಯಾಡ," ಅಂದೆ. "ಎದಿಗಿ ಅಪ್ಪಿಕೊಂಡು ತಾ."